ಆಸ್ಕರ್ ಷೋ ಉದ್ದವಾಗುವುದು ಗೆದ್ದವರ ಮಾತಿನಿಂದಲ್ಲ

ಪ್ರಶ್ನೆ: ಪ್ರತಿ ವರ್ಷ ಆಸ್ಕರ್ ಸಮಾರಂಭವನ್ನು ನೇರ ಪ್ರಸಾರದಲ್ಲೇ ನೋಡುವ ಅಭ್ಯಾಸ ನನಗೆ. ಸೋಮವಾರ ನಸುಕಿನಲ್ಲೇ ಎದ್ದು ಟಿವಿ ಮುಂದೆ ಕೂರುತ್ತೇನೆ. ಆದರೆ ಈಚೆಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬರುತ್ತಿದೆ. ನಿರೂಪಕರ ಜೋಕು, ಹಾಡು, ಡಾನ್ಸು ಎಲ್ಲಕ್ಕೂ ಟೈಮ್ ಇದೆ. ಗೆದ್ದವರು ಬಾಯಿ ತೆರೆಯುವ ಹೊತ್ತಿಗೆ ಮ್ಯೂಸಿಕ್ ಹಾಕಿ ಕಳಿಸಿಬಿಡುತ್ತಾರೆ. 2023ರಲ್ಲಿ ನಮ್ಮ ನಿರ್ಮಾಪಕಿ ಗುನೀತ್ ಮೋಂಗಾ ಅವರಿಗೆ ಆಗಿದ್ದನ್ನು ನಾನಿನ್ನೂ ಮರೆತಿಲ್ಲ. ಆದರೂ ಎಲ್ಲರ ದೂರು ಒಂದೇ: ಭಾಷಣ ಜಾಸ್ತಿ, ಷೋ ಉದ್ದ, ಸಣ್ಣಪುಟ್ಟ ಪ್ರಶಸ್ತಿಗಳನ್ನು ಕಿತ್ತುಹಾಕಿ ಅಂತ. ನನಗೆ ಹಾಗೆ ಅನಿಸುವುದಿಲ್ಲ. ನಾನೇ ತಪ್ಪು ತಿಳಿದಿದ್ದೇನಾ? ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು? ಇನ್ನೂ ಎರಡು ವಿಷಯ. 2017ರಲ್ಲಿ ಕವರ್ ಅದಲುಬದಲಾಗಿ ತಪ್ಪು ಚಿತ್ರದ ಹೆಸರು ಓದಿದ್ದು ಬೇಕಂತಲೇ ಮಾಡಿದ ನಾಟಕ ಅಂತ ನನ್ನ ತಮ್ಮ ವಾದ ಮಾಡುತ್ತಾನೆ. ಮತ ಹಾಕುವವರು ಸಿನಿಮಾ ನೋಡದೇ ಹಾಕುತ್ತಾರೆ ಅಂತಲೂ ಕೇಳಿದ್ದೇನೆ. ಹೌದಾ?

ಉತ್ತರ: ನೀವು ತಪ್ಪು ತಿಳಿದಿಲ್ಲ. ನಿಮ್ಮನ್ನು ಸಮಾಧಾನ ಮಾಡಲು ಸುಮ್ನೆ ಹೇಳುತ್ತಿಲ್ಲ, ಬನ್ನಿ, ಲೆಕ್ಕವನ್ನೇ ಹಾಕೋಣ. ಗೆದ್ದವರಿಗೆ ಆಸ್ಕರ್ ನಡೆಸುವ ಸಂಸ್ಥೆ ಅಕಾಡೆಮಿ ಕೊಡುವ ಸಮಯ 45 ಸೆಕೆಂಡ್. 2025ರಲ್ಲಿ ಕೊಟ್ಟದ್ದು 23 ಪ್ರಶಸ್ತಿ. ಗುಣಿಸಿ ನೋಡಿ, ಹದಿನೇಳು ನಿಮಿಷ ಚಿಲ್ಲರೆ ಆಗುತ್ತದೆ. ಷೋ ನಡೆಯುವುದು ಮೂರೂವರೆ ಗಂಟೆಯ ಆಸುಪಾಸು, ಅಂದರೆ 210 ನಿಮಿಷ. ನೂರರಲ್ಲಿ ಎಂಟು ಪಾಲು ಮಾತ್ರ ಗೆದ್ದವರದ್ದು. ಅಷ್ಟೂ ಜನ ನಿಯಮ ಮುರಿದು ಎರಡು ಪಟ್ಟು ಮಾತಾಡಿದರು ಅಂತಲೇ ಇಟ್ಟುಕೊಳ್ಳಿ. ಆಗಲೂ ಮೂವತ್ತೈದು ನಿಮಿಷ ದಾಟುವುದಿಲ್ಲ. 2026ರಿಂದ ಪಾತ್ರವರ್ಗದ ಆಯ್ಕೆಗೂ, ಅಂದರೆ ಕಾಸ್ಟಿಂಗ್‌ಗೂ ಒಂದು ಪ್ರಶಸ್ತಿ ಸೇರಿದೆ. ಅದರಿಂದ ಹೆಚ್ಚಾಗುವುದು ಮುಕ್ಕಾಲು ನಿಮಿಷ.

ಹಾಗಾದರೆ ಉಳಿದ ಹೊತ್ತು ಎಲ್ಲಿ ಹೋಗುತ್ತದೆ? ಅಮೆರಿಕದ ಟಿವಿಯಲ್ಲಿ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಹತ್ತಕ್ಕಿಂತ ಜಾಸ್ತಿ ನಿಮಿಷ ಜಾಹೀರಾತೇ ಇರುತ್ತದೆ. ಮೂರೂವರೆ ಗಂಟೆಗೆ ಎಷ್ಟಾಯಿತು ನೋಡಿ. ಅದರ ಮೇಲೆ ನಿರೂಪಕರ ಆರಂಭದ ಮಾತು. ಹಾಡು, ನೃತ್ಯಗಳ ಪ್ರದರ್ಶನ. ಹಳೇ ಸಿನಿಮಾಗಳ ತುಣುಕು ಸೇರಿಸಿ ಮಾಡಿದ ಗೌರವ ವಿಡಿಯೊಗಳು. ಅಗಲಿದವರ ಸ್ಮರಣೆ. ಪ್ರಶಸ್ತಿ ಕೊಡಲು ಜೋಡಿಯಾಗಿ ಬರುವ ತಾರೆಯರು ಮೈಕ್ ಮುಂದೆ ಆಡುವ ಮಾತು. ನನ್ನ ಪ್ರಕಾರ ಇಡೀ ಷೋನಲ್ಲಿ ಅತಿ ಸಪ್ಪೆ ಭಾಗ ಈ ಕೊನೆಯದ್ದೇ. ಬೇರೆಯವರು ಬರೆದುಕೊಟ್ಟ ಜೋಕನ್ನು ಇಬ್ಬರು ನಟರು ಪ್ರಾಂಪ್ಟರ್ ನೋಡಿ ಓದುತ್ತಾರೆ, ಸಭಿಕರು ಮರ್ಯಾದೆಗೆ ನಗುತ್ತಾರೆ. ಗೆದ್ದವರು ಒಳಗೆ ಏನಿದೆಯೋ ಅದನ್ನು ಆಡುತ್ತಾರೆ. ಮೂರೂವರೆ ಗಂಟೆಯಲ್ಲಿ ಯಾರೂ ಮೊದಲೇ ಬರೆದಿಡಲು ಆಗದ ಮಾತು ಅದೊಂದೇ.

ಕತ್ತರಿ ಬೀಳುವುದು ಮಾತ್ರ ಆ ಮಾತಿಗೇ. ಯಾಕೆ ಅಂತ ತಿಳಿಯಬೇಕಾದರೆ ಕಂಟ್ರೋಲ್ ರೂಮಿನೊಳಗೆ ಹೋಗಬೇಕು. ನೇರ ಪ್ರಸಾರದ ಕಾರ್ಯಕ್ರಮಗಳಲ್ಲಿ ಬಹಳ ವರ್ಷ ಅಲ್ಲೇ ಕೂತು ಕೆಲಸ ಮಾಡಿದವನು ನಾನು. ಅಲ್ಲಿ ಎಲ್ಲರ ಕೈಯಲ್ಲೂ ರನ್‌ಡೌನ್ ಅನ್ನುವ ಪಟ್ಟಿ ಇರುತ್ತದೆ. ಯಾವ ಅಂಶ, ಎಷ್ಟು ಗಂಟೆಗೆ ಶುರು, ಎಷ್ಟು ನಿಮಿಷ ಎಷ್ಟು ಸೆಕೆಂಡ್, ಎಲ್ಲ ಅದರಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ ಒಬ್ಬರು ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಾರೆ. ಪ್ರತಿ ಅಂಶ ಮುಗಿದಾಗಲೂ ಎಷ್ಟು ಹಿಂದೆ ಬಿದ್ದಿದ್ದೇವೆ ಅಂತ ಜೋರಾಗಿ ಹೇಳುತ್ತಾರೆ. ಎರಡು ನಿಮಿಷ ಹಿಂದೆ ಬಿದ್ದೆವು ಅಂದುಕೊಳ್ಳಿ. ಅದನ್ನು ಎಲ್ಲಿಂದ ವಾಪಸ್ ತರುವುದು? ಜಾಹೀರಾತಿನ ಜಾಗ ಮಾರಾಟ ಆಗಿಹೋಗಿದೆ, ಅದನ್ನು ಮುಟ್ಟುವ ಹಾಗಿಲ್ಲ. ಹಾಡಿಗೆ ದಿನಗಟ್ಟಲೆ ರಿಹರ್ಸಲ್ ಆಗಿದೆ, ನೃತ್ಯಗಾರರು ತೆರೆಯ ಹಿಂದೆ ಸಿದ್ಧರಾಗಿ ನಿಂತಿದ್ದಾರೆ, ಮಧ್ಯದ ಒಂದು ಚರಣ ಕತ್ತರಿಸಿ ಅನ್ನಲು ಆಗುವುದಿಲ್ಲ. ವಿಡಿಯೊಗಳು ಮೊದಲೇ ಎಡಿಟ್ ಆಗಿವೆ. ಹಿಗ್ಗಿಸಲು ಕುಗ್ಗಿಸಲು ಬರುವಂಥದ್ದು ಒಂದೇ, ಗೆದ್ದವರ ಮಾತು. ಹಾಗಾಗಿ ಬೇರೆ ಯಾರೋ ಮಾಡಿದ ತಡವನ್ನು ತುಂಬಿಕೊಡುವ ಹೊಣೆ ಅವರ ಮೇಲೆ ಬೀಳುತ್ತದೆ. ವೇದಿಕೆಯ ಎದುರಿನ ಪರದೆಯಲ್ಲಿ ಮುಗಿಸಿ ಅನ್ನುವ ಸೂಚನೆ ಬರುತ್ತದೆ. ಆಮೇಲೆ ವಾದ್ಯವೃಂದ ಶುರುವಾಗುತ್ತದೆ. ಆಮೇಲೆ ಮೈಕ್ ಬಂದ್.

ಯಾರ ಮೈಕ್ ಬಂದ್ ಆಗುತ್ತದೆ ಅನ್ನುವುದೇ ನನಗೆ ಜಾಸ್ತಿ ನೋವಾಗುವ ವಿಷಯ. ನೀವು ಹೇಳಿದ 2023ರದ್ದನ್ನೇ ತೆಗೆದುಕೊಳ್ಳಿ. ‘ದಿ ಎಲಿಫೆಂಟ್ ವಿಸ್ಪರರ್ಸ್’ಗೆ ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಬಂತು. ಅದು ನಮ್ಮ ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೈನಲ್ಲಿ, ತೆಪ್ಪಕಾಡು ಆನೆ ಶಿಬಿರದಲ್ಲಿ ತೆಗೆದ ಚಿತ್ರ. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮೊದಲು ಮಾತಾಡಿದರು. ಅವರು ಮುಗಿಸಿ ಪಕ್ಕಕ್ಕೆ ಸರಿದರು, ನಿರ್ಮಾಪಕಿ ಗುನೀತ್ ಮೋಂಗಾ ಮೈಕ್ ಹತ್ತಿರ ಬಂದರು, ಅಷ್ಟರಲ್ಲಿ ಸಂಗೀತ ಶುರು. ಭಾರತೀಯ ನಿರ್ಮಾಣದ ಚಿತ್ರವೊಂದಕ್ಕೆ ಸಿಕ್ಕ ಮೊದಲ ಆಸ್ಕರ್ ಇದು ಅಂತ ಹೇಳಬೇಕಿತ್ತು, ಅದಕ್ಕೂ ಅವಕಾಶ ಸಿಗಲಿಲ್ಲ ಅಂತ ಅವರು ಆಮೇಲೆ ಬೇಸರ ಪಟ್ಟುಕೊಂಡರು. ಒಂದೇ ಒಂದು ವಾಕ್ಯ. ಐದು ಸೆಕೆಂಡ್ ಸಾಕಿತ್ತು. ಇಬ್ಬರು ಗೆದ್ದರೂ ನಾಲ್ವರು ಗೆದ್ದರೂ ಆ 45 ಸೆಕೆಂಡನ್ನೇ ಹಂಚಿಕೊಳ್ಳಬೇಕು. ನಿಯಮದಲ್ಲಿರುವ ಅನ್ಯಾಯ ಅಲ್ಲೇ ಇದೆ. ನಟನಿಗೆ ಬಂದದ್ದು ಅವನೊಬ್ಬನಿಗೇ. ಸೌಂಡ್, ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ಮಾಡುವ ದೃಶ್ಯ ಚಮತ್ಕಾರ), ಮೇಕಪ್, ಸಾಕ್ಷ್ಯಚಿತ್ರ ಇವೆಲ್ಲ ತಂಡದ ಕೆಲಸಗಳು. ಮೊದಲನೆಯವರು ಅಮ್ಮ ಅಪ್ಪನನ್ನು ನೆನೆಯುವಷ್ಟರಲ್ಲಿ ಎರಡನೆಯವರ ಪಾಲು ಮುಗಿದಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 2013ರಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ವಿಎಫ್‌ಎಕ್ಸ್ ತಂಡ ಗೆದ್ದಿತು. ದೋಣಿಯಲ್ಲಿದ್ದ ಆ ಹುಲಿಯನ್ನು ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ್ದು ರಿದಮ್ ಅಂಡ್ ಹ್ಯೂಸ್ ಕಂಪನಿ. ಅದಕ್ಕೆ ಮುಂಬೈ, ಹೈದರಾಬಾದ್‌ಗಳಲ್ಲೂ ಸ್ಟುಡಿಯೊ ಇತ್ತು. ಸಮಾರಂಭಕ್ಕೆ ಎರಡು ವಾರ ಮುಂಚೆಯಷ್ಟೇ ಕಂಪನಿ ದಿವಾಳಿ ಅರ್ಜಿ ಹಾಕಿತ್ತು. ಥಿಯೇಟರ್ ಹೊರಗೆ ರಸ್ತೆಯಲ್ಲಿ ವಿಎಫ್‌ಎಕ್ಸ್ ಕೆಲಸಗಾರರು ಫಲಕ ಹಿಡಿದು ಪ್ರತಿಭಟನೆ ಮಾಡುತ್ತಿದ್ದರು. ಒಳಗೆ ವೇದಿಕೆಯಲ್ಲಿ ಗೆದ್ದ ತಂಡದ ಬಿಲ್ ವೆಸ್ಟೆನ್‌ಹೋಫರ್ ಮಾತಾಡುತ್ತಿದ್ದರು. ಧನ್ಯವಾದಗಳೆಲ್ಲ ಮುಗಿದು, ತಮ್ಮ ಕಂಪನಿಯ ಕಷ್ಟದ ಮಾತು ಬಂತು. ಅಷ್ಟರಲ್ಲಿ ‘ಜಾಸ್’ ಸಿನಿಮಾದಲ್ಲಿ ಶಾರ್ಕ್ ಬರುವಾಗ ಕೇಳುವ ಆ ಭಯದ ಸಂಗೀತ ಹಿಂದೆ ಏರಿತು. ಮೈಕ್ ನಿಂತಿತು. ಆ ವರ್ಷ ವಾದ್ಯವೃಂದ ಥಿಯೇಟರ್‌ನಲ್ಲೇ ಇರಲಿಲ್ಲ, ದೂರದ ಕ್ಯಾಪಿಟಲ್ ರೆಕಾರ್ಡ್ಸ್ ಕಟ್ಟಡದ ಸ್ಟುಡಿಯೊದಿಂದ ನುಡಿಸುತ್ತಿತ್ತು. ವೇದಿಕೆಯಲ್ಲಿ ನಿಂತವರ ಮುಖ ಎದುರಿಗಿದ್ದರೆ ಕೈ ತಡೆಯುತ್ತಿತ್ತೇನೋ. ಶಾರ್ಕ್ ಸಂಗೀತ ಹಾಕುವುದು ತಮಾಷೆ ಅಂತ ಮೊದಲೇ ಯೋಚಿಸಿಟ್ಟದ್ದು. ಆದರೆ ಕೆಲಸ ಕಳೆದುಕೊಂಡವರ ಪರ ಒಂದು ಮಾತಾಡುತ್ತಿದ್ದ ಮನುಷ್ಯನ ಮೇಲೆ ಅದು ಬಿತ್ತು. ಅಂದು ಬೇರೆಯವರಿಗೂ ಸಂಗೀತ ಹಾಕಿದ್ದಾರೆ, ನಿಜ. ಆದರೂ ಆ ದೃಶ್ಯವನ್ನು ಈಗ ನೋಡಿದರೂ ನನಗೆ ಹೊಟ್ಟೆ ಉರಿಯುತ್ತದೆ.

ಅದೇ 2025ಕ್ಕೆ ಬನ್ನಿ. ಅತ್ಯುತ್ತಮ ನಟ ಪ್ರಶಸ್ತಿ ಗೆದ್ದ ಏಡ್ರಿಯನ್ ಬ್ರೋಡಿ ಐದೂವರೆ ನಿಮಿಷಕ್ಕೂ ಜಾಸ್ತಿ ಮಾತಾಡಿದರು. ಮಧ್ಯದಲ್ಲಿ ಸಂಗೀತ ಶುರುವಾಯಿತು. ದಯವಿಟ್ಟು ನಿಲ್ಲಿಸಿ, ನನಗಿದು ಹೊಸದಲ್ಲ ಅಂದರು. ನಿಲ್ಲಿಸಿದರು! ಆಸ್ಕರ್ ಇತಿಹಾಸದ ಅತಿ ಉದ್ದದ ಭಾಷಣ ಅನ್ನಿಸಿಕೊಂಡಿತು ಅದು. ಅದಕ್ಕೂ ಮುಂಚೆ ದಾಖಲೆ ಇದ್ದದ್ದು 1943ರಲ್ಲಿ ಗೆದ್ದ ಗ್ರೀರ್ ಗಾರ್ಸನ್ ಹೆಸರಿನಲ್ಲಿ. ಬ್ರೋಡಿ ಮಾತಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಒಬ್ಬ ಸ್ಟಾರ್ ಕೇಳಿದರೆ ಸಂಗೀತ ನಿಲ್ಲುತ್ತದೆ ಅಂತ ಗೊತ್ತಾಯಿತಲ್ಲ, ಅಷ್ಟು ಸಾಕು. ಅಂದರೆ ನಿಲ್ಲಿಸಲು ಬರುತ್ತದೆ. ಕಿರು ಸಾಕ್ಷ್ಯಚಿತ್ರದವರಿಗೆ ನಿಲ್ಲಿಸುವ ಮನಸ್ಸು ಬರುವುದಿಲ್ಲ, ಅಷ್ಟೇ.

ಸಭಿಕರೇ ಎದ್ದು ನಿಂತು ನಿಲ್ಲಿಸಿದ ಉದಾಹರಣೆಯೂ ಇದೆ. 2020ರಲ್ಲಿ ದಕ್ಷಿಣ ಕೊರಿಯಾದ ‘ಪ್ಯಾರಸೈಟ್’ ಅತ್ಯುತ್ತಮ ಚಿತ್ರವಾಯಿತು. ಇಂಗ್ಲಿಷ್ ಅಲ್ಲದ ಭಾಷೆಯ ಚಿತ್ರಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಒಬ್ಬ ನಿರ್ಮಾಪಕಿ ಮಾತಾಡಿದರು, ಇನ್ನೊಬ್ಬರು ಮಾತಾಡುವ ಮೊದಲೇ ವೇದಿಕೆಯ ದೀಪ ಆರಿಸಿಬಿಟ್ಟರು. ಮುಂದಿನ ಸಾಲಿನಲ್ಲಿದ್ದ ಟಾಮ್ ಹ್ಯಾಂಕ್ಸ್, ಷಾರ್ಲಿಜ್ ಥೆರಾನ್ ಮತ್ತಿತರರು ದೀಪ ಮೇಲೆತ್ತಿ ಅಂತ ಕೂಗಲು ಶುರು ಮಾಡಿದರು. ಕೈಗಳನ್ನು ಮೇಲಕ್ಕೆ ಎತ್ತಿ ಎತ್ತಿ ತೋರಿಸಿದರು. ದೀಪ ಮತ್ತೆ ಹತ್ತಿತು, ಮಾತು ಮುಂದುವರಿಯಿತು. ನೇರ ಪ್ರಸಾರದಲ್ಲಿ ಕೆಲಸ ಮಾಡುವ ಎಲ್ಲರಿಗೂ ನಾನು ಈ ತುಣುಕು ತೋರಿಸಲು ಇಷ್ಟಪಡುತ್ತೇನೆ.

ಇನ್ನು ಸಣ್ಣ ಪ್ರಶಸ್ತಿಗಳನ್ನು ತೆಗೆದುಹಾಕಿ ಅನ್ನುವ ವಾದ. ಅದನ್ನು ಮಾಡಿಯೂ ನೋಡಿದ್ದಾರೆ. 2022ರಲ್ಲಿ ಎಂಟು ವಿಭಾಗಗಳ ಪ್ರಶಸ್ತಿಗಳನ್ನು ನೇರ ಪ್ರಸಾರ ಶುರುವಾಗುವ ಮೊದಲೇ ಕೊಟ್ಟು ಮುಗಿಸಿದರು. ಸಂಕಲನ, ಹಿನ್ನೆಲೆ ಸಂಗೀತ, ಧ್ವನಿ, ಮೇಕಪ್, ಕಲಾ ವಿನ್ಯಾಸ, ಮೂರು ಬಗೆಯ ಕಿರುಚಿತ್ರಗಳು. ಆ ಭಾಷಣಗಳನ್ನು ಎಡಿಟ್ ಮಾಡಿ ಷೋ ಮಧ್ಯೆ ತುಣುಕುಗಳಾಗಿ ತೋರಿಸಿದರು. ಸಂಕಲನ, ಧ್ವನಿ ಇಲ್ಲದೆ ಸಿನಿಮಾ ಅನ್ನುವುದೇ ಇಲ್ಲ, ಅಲ್ವಾ? ಅವರನ್ನೇ ಹೊರಗೆ ನಿಲ್ಲಿಸಿದ ಹಾಗಾಯಿತು. ಹೋಗಲಿ, ಷೋ ಚಿಕ್ಕದಾಯಿತಾ? ಇಲ್ಲ. ಆ ವರ್ಷವೂ ಮೂರೂವರೆ ಗಂಟೆ ದಾಟಿತು. ಉಳಿಸಿದ ಹೊತ್ತನ್ನು ಬೇರೆ ಮನರಂಜನೆ ತುಂಬಿಕೊಂಡಿತು. ಅಭಿಮಾನಿಗಳ ಮೆಚ್ಚಿನ ಚಿತ್ರ ಯಾವುದು ಅಂತ ಟ್ವಿಟರ್‌ನಲ್ಲಿ ಮತ ಹಾಕಿಸಿ, ಅದಕ್ಕೂ ಜಾಗ ಕೊಟ್ಟಿದ್ದರು. ವಿಲ್ ಸ್ಮಿತ್ ವೇದಿಕೆ ಹತ್ತಿ ಕ್ರಿಸ್ ರಾಕ್ ಅವರಿಗೆ ಹೊಡೆದದ್ದೂ ಅದೇ ವರ್ಷ, ಹಾಗಾಗಿ ಈ ಪ್ರಯೋಗದ ಬಗ್ಗೆ ಆಗಬೇಕಾದಷ್ಟು ಚರ್ಚೆ ಆಗಲೇ ಇಲ್ಲ. ಮರುವರ್ಷ ಎಲ್ಲ 23 ಪ್ರಶಸ್ತಿಗಳೂ ನೇರ ಪ್ರಸಾರಕ್ಕೆ ವಾಪಸ್ ಬಂದವು.

ಇದರ ಉಲ್ಟಾ ಪ್ರಯೋಗವೂ ಆಗಿದೆ, ಅದನ್ನೂ ಹೇಳದಿದ್ದರೆ ನನ್ನ ವಾದ ಒಂದೇ ಪಕ್ಷದ್ದಾಗುತ್ತದೆ. 2021ರಲ್ಲಿ, ಕೋವಿಡ್ ಸಮಯದಲ್ಲಿ, ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್ ರೈಲು ನಿಲ್ದಾಣದಲ್ಲಿ ಸಮಾರಂಭ ನಡೆಯಿತು. ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ನಿರ್ಮಾಪಕರಲ್ಲಿ ಒಬ್ಬರು. ಹಾಡುಗಳನ್ನು ಮುಖ್ಯ ಷೋನಿಂದ ಹೊರಗಿಟ್ಟರು. ಮಾತಾಡುವವರನ್ನು ಸಂಗೀತ ಹಾಕಿ ಓಡಿಸಲಿಲ್ಲ. ಡೆನ್ಮಾರ್ಕ್‌ನ ನಿರ್ದೇಶಕ ಥಾಮಸ್ ವಿಂಟರ್‌ಬರ್ಗ್ ತಮ್ಮ ಚಿತ್ರೀಕರಣ ಶುರುವಾದ ನಾಲ್ಕನೇ ದಿನ ಅಪಘಾತದಲ್ಲಿ ತೀರಿಹೋದ ಮಗಳ ಬಗ್ಗೆ ಮಾತಾಡಿದ್ದು ಆ ವರ್ಷವೇ. ಗಂಟಲು ಕಟ್ಟಿ, ನಿಂತು, ಮತ್ತೆ ಶುರು ಮಾಡಿ, ಕೊನೆಗೆ ಈ ಪ್ರಶಸ್ತಿ ಅವಳಿಗೆ ಅಂದರು. 45 ಸೆಕೆಂಡಿನ ನಿಯಮ ಇದ್ದಿದ್ದರೆ ನಮಗೆ ಅದು ಸಿಗುತ್ತಲೇ ಇರಲಿಲ್ಲ. ಷೋ ಎಷ್ಟು ಹೊತ್ತು ನಡೆಯಿತು ಗೊತ್ತಾ? ಮೂರು ಗಂಟೆ ಇಪ್ಪತ್ತು ನಿಮಿಷದ ಒಳಗೇ ಮುಗಿಯಿತು. ಭಾಷಣಕ್ಕೆ ಕಡಿವಾಣ ಹಾಕದ ವರ್ಷ ಚಿಕ್ಕದಾಯಿತು, ಎಂಟು ವಿಭಾಗ ಕತ್ತರಿಸಿದ ವರ್ಷ ಉದ್ದವಾಯಿತು.

ಆದರೆ ಅಮೆರಿಕದಲ್ಲಿ ಅದನ್ನು ನೋಡಿದವರು ಒಂದು ಕೋಟಿ ನಾಲ್ಕು ಲಕ್ಷ ಜನ ಮಾತ್ರ. ‘ಟೈಟಾನಿಕ್’ ಗೆದ್ದ 1998ರಲ್ಲಿ ಐದೂವರೆ ಕೋಟಿ ಜನ ನೋಡಿದ್ದರು. ಕುಸಿತಕ್ಕೆ ಕಾರಣ ಭಾಷಣ ಅಂತ ಹೇಳಲು ಬರುವುದಿಲ್ಲ. ಥಿಯೇಟರ್ ಮುಚ್ಚಿದ್ದವು, ಸ್ಪರ್ಧೆಯಲ್ಲಿದ್ದ ಸಿನಿಮಾಗಳನ್ನು ಜನ ನೋಡಿರಲಿಲ್ಲ. ನೋಡದ ಸಿನಿಮಾ ಗೆದ್ದರೆಷ್ಟು ಸೋತರೆಷ್ಟು? ಅದರ ಜೊತೆಗೆ ನಿರ್ಮಾಪಕರ ದೊಡ್ಡ ಎಡವಟ್ಟು ಒಂದಿತ್ತು. ಸಾಮಾನ್ಯವಾಗಿ ಕೊನೆಯಲ್ಲಿ ಬರುವ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಮುಂಚೆಯೇ ಕೊಟ್ಟು, ಅತ್ಯುತ್ತಮ ನಟನನ್ನು ಕೊನೆಗೆ ಇಟ್ಟರು. ಹಿಂದಿನ ವರ್ಷ ತೀರಿಹೋಗಿದ್ದ ನಟ ಚಾಡ್ವಿಕ್ ಬೋಸ್‌ಮನ್ ಗೆಲ್ಲುತ್ತಾರೆ, ಷೋ ಭಾವುಕವಾಗಿ ಮುಗಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಗೆದ್ದದ್ದು ಆಂಥನಿ ಹಾಪ್ಕಿನ್ಸ್. ಅವರು ಅಲ್ಲಿರಲೇ ಇಲ್ಲ, ವೇಲ್ಸ್‌ನಲ್ಲಿದ್ದರು. ಪರದೆಯ ಮೇಲೆ ಅವರ ಫೋಟೊ ಬಂತು, ಷೋ ಅಲ್ಲಿಗೇ ಮುಗಿಯಿತು. ಇದು ಮತ್ತೊಂದು ವಿಷಯವನ್ನೂ ತೋರಿಸುತ್ತದೆ: ಯಾರು ಗೆದ್ದಿದ್ದಾರೆ ಅಂತ ಷೋ ಮಾಡುವವರಿಗೂ ಗೊತ್ತಿರುವುದಿಲ್ಲ.

ತೀರ್ಮಾನ ಮಾಡುವವರು ಯಾರು ಅಂತ ಕೇಳಿದ್ದೀರಿ. ದುಡ್ಡು ಯಾರದ್ದು ಅಂತ ನೋಡಿದರೆ ಉತ್ತರ ಸಿಗುತ್ತದೆ. 1929ರ ಮೇ 16ರಂದು ಹಾಲಿವುಡ್‌ನ ರೂಸ್ವೆಲ್ಟ್ ಹೋಟೆಲಿನಲ್ಲಿ ಮೊದಲ ಸಮಾರಂಭ ನಡೆದಾಗ ಅದೊಂದು ಊಟದ ಕೂಟ. ಪ್ರಶಸ್ತಿ ಕೊಟ್ಟದ್ದು ಸುಮಾರು ಹದಿನೈದು ನಿಮಿಷ. ಗೆದ್ದವರ ಹೆಸರು ಮೂರು ತಿಂಗಳ ಮೊದಲೇ ಪ್ರಕಟವಾಗಿತ್ತು. ಟಿವಿಗೆ ಬಂದದ್ದು 1953ರ ಮಾರ್ಚ್ 19ರಂದು. ಅದೂ ದುಡ್ಡಿನ ಮುಗ್ಗಟ್ಟಿನಿಂದ. ಸಮಾರಂಭದ ಖರ್ಚು ಕೊಡುತ್ತಿದ್ದ ಸ್ಟುಡಿಯೊಗಳಲ್ಲಿ ಕೆಲವು ಕೈ ಎತ್ತಿದವು. ಆಗ ಎನ್‌ಬಿಸಿ ಒಂದು ಲಕ್ಷ ಡಾಲರ್ ಕೊಟ್ಟು ಪ್ರಸಾರದ ಹಕ್ಕು ಪಡೆಯಿತು. ಟಿವಿ ಬಂದರೆ ಸಿನಿಮಾಕ್ಕೆ ಪೆಟ್ಟು ಅಂತ ಹೆದರಿದ್ದ ಉದ್ಯಮ, ತನ್ನ ಹಬ್ಬ ನಡೆಸಲು ಟಿವಿಯ ದುಡ್ಡನ್ನೇ ತೆಗೆದುಕೊಂಡಿತು. 1976ರಿಂದ ಎಬಿಸಿ ವಾಹಿನಿ ಪ್ರಸಾರ ಮಾಡುತ್ತಿದೆ. ಅಕಾಡೆಮಿಗೆ ಈ ಒಂದು ಸಮಾರಂಭದಿಂದ ವರ್ಷಕ್ಕೆ ಹತ್ತು ಕೋಟಿ ಡಾಲರ್‌ಗೂ ಜಾಸ್ತಿ ಬರುತ್ತದೆ. ಅದರ ಆದಾಯದ ಬಹುಪಾಲು ಅದೇ.

ಹಾಗಾಗಿ ವಾಹಿನಿಯ ಮಾತಿಗೆ ತೂಕ ಇದೆ. ಅದಕ್ಕೆ ಬೇಕಾದದ್ದು ಜನ ಕೊನೆಯವರೆಗೆ ಕೂತಿರುವುದು. ಷೋ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ, ಅಲ್ಲಿ ಇನ್ನೂ ಸಂಜೆ. 2023ರವರೆಗೆ ಷೋ ಮುಗಿಯುವ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಮಧ್ಯರಾತ್ರಿ ಹತ್ತಿರವಾಗುತ್ತಿತ್ತು, ಮರುದಿನ ಸೋಮವಾರ, ಜನ ಟಿವಿ ಆರಿಸಿ ಮಲಗುತ್ತಿದ್ದರು. ಉದ್ದ ಉದ್ದ ಅನ್ನುವ ಗಾಬರಿ ಹುಟ್ಟಿದ್ದು ಅಲ್ಲಿಂದ. 2024ರಲ್ಲಿ ಒಂದು ಗಂಟೆ ಮುಂಚೆಯೇ ಶುರು ಮಾಡಿದರು. ನನ್ನ ದೃಷ್ಟಿಯಲ್ಲಿ ಅದು ಇಷ್ಟು ವರ್ಷಗಳಲ್ಲಿ ಅವರು ಮಾಡಿದ ಅತಿ ಬುದ್ಧಿವಂತಿಕೆಯ ಬದಲಾವಣೆ. ಯಾರ ಬಾಯಿಯನ್ನೂ ಮುಚ್ಚಿಸಬೇಕಾಗಲಿಲ್ಲ. ನಮಗೆ ಮಾತ್ರ ಅದರಿಂದ ನಿದ್ದೆ ಇನ್ನೊಂದು ಗಂಟೆ ಕಮ್ಮಿಯಾಯಿತು. ಅಮೆರಿಕದವರು ಮಾರ್ಚ್‌ನಲ್ಲಿ ಗಡಿಯಾರ ಮುಂದೆ ತಿರುಗಿಸಿದ ಮೇಲೆ ಸಮಾರಂಭ ಬಿದ್ದರೆ ಇಲ್ಲಿ ಬೆಳಗ್ಗೆ 4.30ಕ್ಕೆ, ಅದಕ್ಕೆ ಮುಂಚೆ ಬಿದ್ದರೆ 5.30ಕ್ಕೆ ಶುರು. ಅಲಾರಂ ಇಡುವಾಗ ಇದನ್ನೊಮ್ಮೆ ನೋಡಿಕೊಳ್ಳಿ.

ನಿಮ್ಮ ತಮ್ಮನ ವಾದಕ್ಕೆ ಬರೋಣ. 2017ರದ್ದು ನಾಟಕ ಅಲ್ಲ. ಅಲ್ಲಿ ಏನಾಯಿತು ಅಂತ ಹಂತಹಂತವಾಗಿ ಗೊತ್ತಿದೆ. ಮತ ಎಣಿಸುವುದು ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಅನ್ನುವ ಲೆಕ್ಕಪರಿಶೋಧನೆ ಸಂಸ್ಥೆ. 1930ರ ದಶಕದಿಂದ ಆ ಕೆಲಸ ಅದರದ್ದೇ. 1940ರಲ್ಲಿ ಲಾಸ್ ಏಂಜಲೀಸ್‌ನ ಪತ್ರಿಕೆಯೊಂದು ಗೆದ್ದವರ ಹೆಸರನ್ನು ಸಮಾರಂಭಕ್ಕೆ ಮುಂಚೆಯೇ ಅಚ್ಚು ಹಾಕಿಬಿಟ್ಟಿತು, ಮರುವರ್ಷದಿಂದ ಸೀಲ್ ಮಾಡಿದ ಕವರ್ ಬಂತು. ಪ್ರತಿ ಪ್ರಶಸ್ತಿಗೂ ಎರಡೆರಡು ಕವರ್. ವೇದಿಕೆಯ ಎಡಕ್ಕೊಬ್ಬರು, ಬಲಕ್ಕೊಬ್ಬರು ಲೆಕ್ಕಿಗರು ಒಂದೊಂದು ಪೂರ್ತಿ ಸೆಟ್ ಹಿಡಿದು ನಿಂತಿರುತ್ತಾರೆ. ಪ್ರಶಸ್ತಿ ಕೊಡುವವರು ಯಾವ ಕಡೆಯಿಂದ ಬರುತ್ತಾರೋ ಆ ಕಡೆಯವರು ಕವರ್ ಕೊಡಬೇಕು. ಇನ್ನೊಂದು ಕಡೆಯವರು ಅದೇ ಪ್ರಶಸ್ತಿಯ ಕವರನ್ನು ಪಕ್ಕಕ್ಕೆ ಎತ್ತಿಡಬೇಕು.

ಆ ದಿನ ಎಮ್ಮಾ ಸ್ಟೋನ್ ‘ಲಾ ಲಾ ಲ್ಯಾಂಡ್’ ಚಿತ್ರಕ್ಕೆ ಅತ್ಯುತ್ತಮ ನಟಿಯಾದರು, ಕವರ್ ಒಂದು ಕಡೆಯಿಂದ ಹೋಯಿತು. ಇನ್ನೊಂದು ಕಡೆಯಲ್ಲಿ ಅದರ ಜೋಡಿ ಕವರ್ ಹಾಗೇ ಉಳಿಯಿತು. ಮುಂದಿನದು ಅತ್ಯುತ್ತಮ ಚಿತ್ರ ಪ್ರಶಸ್ತಿ, ಅದನ್ನು ಕೊಡಲು ಹಿರಿಯ ನಟ ವಾರೆನ್ ಬೀಟಿ, ನಟಿ ಫೇ ಡನವೇ ಆ ಕಡೆಯಿಂದ ಬಂದರು. ಅವರ ಕೈಗೆ ಹೋದದ್ದು ಹಳೇ ಕವರ್. ಬೀಟಿ ಕಾರ್ಡ್ ತೆಗೆದರು, ಓದಿದರು, ಕವರೊಳಗೆ ಇನ್ನೇನಾದರೂ ಇದೆಯಾ ಅಂತ ಮತ್ತೆ ಇಣುಕಿದರು. ಅವರ ಮುಖ ನೋಡಿ, ಗೊಂದಲ ಎದ್ದು ಕಾಣುತ್ತದೆ. ಡನವೇ ಅವರಿಗೆ ತೋರಿಸಿದರು. ಅವರು ಕಾರ್ಡಿನಲ್ಲಿದ್ದ ಚಿತ್ರದ ಹೆಸರು ಓದಿಬಿಟ್ಟರು, ‘ಲಾ ಲಾ ಲ್ಯಾಂಡ್’. ಎರಡು ನಿಮಿಷಕ್ಕೂ ಜಾಸ್ತಿ ಭಾಷಣ ನಡೆದ ಮೇಲೆ ಅದೇ ಚಿತ್ರದ ನಿರ್ಮಾಪಕ ಜೋರ್ಡನ್ ಹೊರೊವಿಟ್ಜ್ ಸರಿಯಾದ ಕಾರ್ಡನ್ನು ಕ್ಯಾಮೆರಾಕ್ಕೆ ಹಿಡಿದು, ಗೆದ್ದದ್ದು ನಾವಲ್ಲ, ‘ಮೂನ್‌ಲೈಟ್’ ಅಂದರು.

ನಾನು ಈ ಪ್ರಕರಣದಲ್ಲಿ ಬೀಟಿ, ಡನವೇ ಇಬ್ಬರನ್ನೂ ದೂರುವುದಿಲ್ಲ. ಆ ಕಾರ್ಡನ್ನು ಗಮನವಿಟ್ಟು ನೋಡಿ. ಮೇಲೆ ದೊಡ್ಡದಾಗಿ ಆಸ್ಕರ್ ಲಾಂಛನ. ಯಾವ ಪ್ರಶಸ್ತಿ ಅನ್ನುವುದು ಕೆಳಗಿನ ಅಂಚಿನಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಪ್ರಖರ ಬೆಳಕು, ಎದುರಿಗೆ ಸಾವಿರಾರು ಜನ, ಲೋಕವೇ ನೋಡುತ್ತಿದೆ. ವಿಭಾಗದ ಹೆಸರು ಮೇಲ್ಗಡೆ ದೊಡ್ಡದಾಗಿ ಇದ್ದಿದ್ದರೆ ಬೀಟಿ ಅಲ್ಲೇ ನಿಲ್ಲಿಸುತ್ತಿದ್ದರು. ಆಮೇಲೆ ಕವರ್ ಮೇಲಿನ ಅಕ್ಷರ ದೊಡ್ಡದಾಯಿತು, ಲೆಕ್ಕಿಗರು ವೇದಿಕೆ ಹಿಂದೆ ಮೊಬೈಲ್ ಬಳಸುವುದು ನಿಂತಿತು, ಕಂಟ್ರೋಲ್ ರೂಮಿನಲ್ಲೂ ಒಬ್ಬ ಲೆಕ್ಕಿಗರನ್ನು ಕೂರಿಸಿದರು. ಟಿಆರ್‌ಪಿಗಾಗಿ ಮಾಡಿದ್ದಾದರೆ, ಎಷ್ಟೋ ದಶಕಗಳ ನಂಬಿಕೆಯ ಹೆಸರನ್ನು ಆ ಸಂಸ್ಥೆ ಒಂದು ರಾತ್ರಿಗೆ ಬಲಿ ಕೊಡುತ್ತಿತ್ತಾ? ತಮ್ಮನನ್ನು ಕೇಳಿ.

ಮತದ ವಿಷಯದಲ್ಲಿ ನೀವು ಕೇಳಿದ್ದು ಬಹುಮಟ್ಟಿಗೆ ನಿಜವಾಗಿತ್ತು. ಮತ ಹಾಕುವ ಸದಸ್ಯರು ಹತ್ತು ಸಾವಿರದ ಆಸುಪಾಸು. ನಾಮನಿರ್ದೇಶನ ಹಂತದಲ್ಲಿ ಆಯಾ ಕೆಲಸದವರು ತಮ್ಮ ವಿಭಾಗಕ್ಕೆ ಮತ ಹಾಕುತ್ತಾರೆ, ಸಂಕಲನಕಾರರು ಸಂಕಲನಕ್ಕೆ, ನಟರು ನಟನೆಗೆ. ಕೊನೆಯ ಹಂತದಲ್ಲಿ ಎಲ್ಲರೂ ಎಲ್ಲಕ್ಕೂ. ಅಷ್ಟೂ ಸಿನಿಮಾ ನೋಡಿದ್ದೀರಾ ಅಂತ ಹೆಚ್ಚಿನ ವಿಭಾಗಗಳಲ್ಲಿ ಯಾರೂ ಕೇಳುತ್ತಿರಲಿಲ್ಲ. 2026ರ ಸಮಾರಂಭದಿಂದ ನಿಯಮ ಬದಲಾಗಿದೆ. ಒಂದು ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿದವರಿಗೆ ಮಾತ್ರ ಆ ವಿಭಾಗದಲ್ಲಿ ಅಂತಿಮ ಮತ. ಸದಸ್ಯರಿಗಾಗಿ ಇರುವ ಆನ್‌ಲೈನ್ ತಾಣದಲ್ಲಿ ನೋಡಿದರೆ ತಾನಾಗಿ ದಾಖಲಾಗುತ್ತದೆ. ಥಿಯೇಟರ್‌ನಲ್ಲೋ ಚಿತ್ರೋತ್ಸವದಲ್ಲೋ ನೋಡಿದ್ದರೆ ಫಾರಂ ತುಂಬಿ ಹೇಳಬೇಕು. ತಡವಾದರೂ ಒಳ್ಳೆಯ ಕೆಲಸ. ಸ್ಟಾರ್‌ಗಳಿಲ್ಲದ ಸಣ್ಣ ಚಿತ್ರಗಳಿಗೆ ಇದರಿಂದ ನ್ಯಾಯ ಸಿಗುವ ದಾರಿ ತೆರೆಯುತ್ತದೆ.

ಜನರನ್ನು ಗೊಂದಲಕ್ಕೆ ತಳ್ಳುವ ಇನ್ನೊಂದು ಸಂಗತಿ ಅತ್ಯುತ್ತಮ ಚಿತ್ರದ ಆಯ್ಕೆ. ಅಲ್ಲಿ ಒಂದು ಚಿತ್ರಕ್ಕೆ ಗುರುತು ಹಾಕಿದರೆ ಸಾಲದು, ಒಂದು ಎರಡು ಮೂರು ಅಂತ ಕ್ರಮವಾಗಿ ಬರೆಯಬೇಕು. ಅತಿ ಕಮ್ಮಿ ಮೊದಲ ಸ್ಥಾನ ಬಂದ ಚಿತ್ರವನ್ನು ತೆಗೆದು, ಅದರ ಮತಗಳನ್ನು ಮುಂದಿನ ಆಯ್ಕೆಗೆ ಹಂಚುತ್ತಾ ಹೋಗುತ್ತಾರೆ, ಒಂದಕ್ಕೆ ಅರ್ಧಕ್ಕಿಂತ ಜಾಸ್ತಿ ಬರುವವರೆಗೆ. ಆ ಪ್ರಶಸ್ತಿಗೆ ಹತ್ತು ಚಿತ್ರಗಳ ಪಟ್ಟಿ ಮರಳಿ ಬಂದ 2010ರ ಸಮಾರಂಭದಿಂದ ಹೀಗೆ ನಡೆಯುತ್ತಿದೆ. ಕೆಲವರು ಹುಚ್ಚೆದ್ದು ಪ್ರೀತಿಸುವ, ಉಳಿದವರು ದ್ವೇಷಿಸುವ ಚಿತ್ರ ಇಲ್ಲಿ ಸೋಲುತ್ತದೆ. ಎಲ್ಲರಿಗೂ ಎರಡನೆಯದೋ ಮೂರನೆಯದೋ ಆಗಿ ಇಷ್ಟವಾದದ್ದು ಗೆಲ್ಲಬಹುದು. ನಿರ್ದೇಶಕ ಪ್ರಶಸ್ತಿ ಒಂದು ಚಿತ್ರಕ್ಕೆ, ಅತ್ಯುತ್ತಮ ಚಿತ್ರ ಇನ್ನೊಂದಕ್ಕೆ ಹೋಗಲು ಇದೂ ಒಂದು ಕಾರಣ.

ನಿರೂಪಕರು ಬೇಕಾ ಬೇಡವಾ ಅನ್ನುವುದರ ಬಗ್ಗೆ ನನಗೆ ದೊಡ್ಡ ತಕರಾರಿಲ್ಲ. 2019ರಿಂದ ಮೂರು ವರ್ಷ ನಿರೂಪಕರೇ ಇರಲಿಲ್ಲ, ಷೋ ನಡೆಯಿತು.

ನನ್ನ ಕೈಗೆ ರನ್‌ಡೌನ್ ಕೊಟ್ಟರೆ ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ಒಬ್ಬರೇ ಗೆದ್ದರೆ ಒಂದು ನಿಮಿಷ, ತಂಡ ಗೆದ್ದರೆ ಎರಡು. ಪ್ರಶಸ್ತಿ ಕೊಡುವವರ ಜೋಕಿಗೆ ಪೂರ್ತಿ ಕತ್ತರಿ, ಬಂದು ನಾಮನಿರ್ದೇಶಿತರ ಹೆಸರು ಓದಲಿ. ಸಿನಿಮಾದ ಮಹಿಮೆ ಹೇಳುವ ಸಾಮಾನ್ಯ ವಿಡಿಯೊಗಳಿಗೂ ಕತ್ತರಿ. ಅದರ ಬದಲು ಸಂಕಲನಕ್ಕೋ ಧ್ವನಿಗೋ ಪ್ರಶಸ್ತಿ ಕೊಡುವ ಮೊದಲು ಒಂದು ದೃಶ್ಯವನ್ನು ಆ ಕೆಲಸ ಇಲ್ಲದೆ ಹೇಗಿತ್ತು, ಆದ ಮೇಲೆ ಹೇಗಾಯಿತು ಅಂತ ಅರ್ಧ ನಿಮಿಷ ತೋರಿಸುತ್ತೇನೆ. ಆಗ ಮನೆಯಲ್ಲಿ ನೋಡುವವರಿಗೆ ಆ ವಿಭಾಗ ಸಣ್ಣದು ಅನಿಸುವುದಿಲ್ಲ. 2016ರಲ್ಲಿ ಒಂದು ಒಳ್ಳೆ ಉಪಾಯ ಮಾಡಿದ್ದರು. ಧನ್ಯವಾದ ಹೇಳಬೇಕಾದ ಹೆಸರುಗಳ ಪಟ್ಟಿಯನ್ನು ಮೊದಲೇ ಪಡೆದು, ಗೆದ್ದವರು ಮಾತಾಡ್ತಾ ಇರುವಾಗ ಪರದೆಯ ಕೆಳಗೆ ಸಾಲಾಗಿ ಓಡಿಸಿದರು. ಮ್ಯಾನೇಜರ್, ಏಜೆಂಟ್, ವಕೀಲರ ಹೆಸರೆಲ್ಲ ಅಲ್ಲಿ ಹೋಗಲಿ, ಬಾಯಲ್ಲಿ ಬೇರೆ ಮಾತು ಬರಲಿ ಅಂತ. ಅದನ್ನು ಬಿಟ್ಟದ್ದು ತಪ್ಪು, ವಾಪಸ್ ತರಬೇಕು.

ಇನ್ನೊಂದನ್ನೂ ವಾಪಸ್ ತರಬೇಕು ಅಂತ ನನ್ನ ಆಸೆ. 1992ರ ಮಾರ್ಚ್‌ನಲ್ಲಿ ಸತ್ಯಜಿತ್ ರಾಯ್ ಅವರಿಗೆ ಗೌರವ ಆಸ್ಕರ್ ಕೊಟ್ಟರು. ವೇದಿಕೆಯಲ್ಲಿ ಆಡ್ರೆ ಹೆಪ್‌ಬರ್ನ್ ಘೋಷಿಸಿದರು. ರಾಯ್ ಕಲ್ಕತ್ತಾದ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಪ್ರತಿಮೆಯನ್ನು ಕೈಯಲ್ಲಿ ಹಿಡಿದು ಅಲ್ಲಿಂದಲೇ ಮಾತಾಡಿದ್ದನ್ನು ಸಮಾರಂಭದಲ್ಲಿ ತೋರಿಸಿದರು. ಸಿನಿಮಾ ಕಸುಬನ್ನು ಅಮೆರಿಕದ ಚಿತ್ರಗಳನ್ನು ನೋಡಿ ನೋಡಿಯೇ ಕಲಿತೆ ಅಂದರು. ಹುಡುಗನಾಗಿದ್ದಾಗ ಹಾಲಿವುಡ್ ತಾರೆಯರಿಗೆ ಕಾಗದ ಬರೆದದ್ದನ್ನೂ ನೆನೆದರು. ಮುಂದಿನ ತಿಂಗಳು, ಏಪ್ರಿಲ್ 23ರಂದು ತೀರಿಹೋದರು. ಈಗ ಹಾಗೆ ತೋರಿಸಲು ಜಾಗವೇ ಇಲ್ಲ. 2009ರಲ್ಲಿ ಗೌರವ ಪ್ರಶಸ್ತಿಗಳನ್ನು ಮುಖ್ಯ ಷೋನಿಂದ ತೆಗೆದು ಗವರ್ನರ್ಸ್ ಅವಾರ್ಡ್ಸ್ ಅನ್ನುವ ಬೇರೆ ಸಮಾರಂಭ ಮಾಡಿದರು. ಅದು ಟಿವಿಯಲ್ಲಿ ಬರುವುದಿಲ್ಲ. ಮುಖ್ಯ ಷೋನಲ್ಲಿ ಆ ಹಿರಿಯರು ಸಭಿಕರ ನಡುವೆ ಎದ್ದು ನಿಲ್ಲುತ್ತಾರೆ, ಒಂದು ಚಪ್ಪಾಳೆ, ಮುಗಿಯಿತು. ಹೊತ್ತು ಉಳಿಸಲು ಮಾಡಿದ್ದರಲ್ಲಿ ನನಗೆ ಅತಿ ದೊಡ್ಡ ನಷ್ಟ ಅನಿಸುವುದು ಇದೇ.

ಇದು ಬದಲಾಗುವ ಸೂಚನೆ ಇದೆ. 2028ರಲ್ಲಿ ನೂರನೇ ಸಮಾರಂಭ, ಅಲ್ಲಿಯವರೆಗೆ ಎಬಿಸಿ. 2029ರಿಂದ 2033ರವರೆಗೆ ಆಸ್ಕರ್ ಪ್ರಸಾರದ ಹಕ್ಕು ಯೂಟ್ಯೂಬ್‌ಗೆ ಹೋಗಿದೆ ಅಂತ ಅಕಾಡೆಮಿ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಲೋಕದ ಎಲ್ಲ ಕಡೆ ಉಚಿತವಾಗಿ ನೋಡಬಹುದು. ಗವರ್ನರ್ಸ್ ಅವಾರ್ಡ್ಸ್ ಕೂಡ ಆ ಒಪ್ಪಂದದಲ್ಲಿ ಸೇರಿದೆ. ರಾತ್ರಿ ಹನ್ನೊಂದರ ಸುದ್ದಿಗೆ ಜಾಗ ಬಿಟ್ಟುಕೊಡಬೇಕು ಅನ್ನುವ ಕಟ್ಟುಪಾಡು ಯೂಟ್ಯೂಬ್‌ಗೆ ಇಲ್ಲ. ಜಾಹೀರಾತು ಅಲ್ಲೂ ಇರುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಕಿರು ಸಾಕ್ಷ್ಯಚಿತ್ರದ ಎರಡನೇ ವಿಜೇತೆ ಮೈಕ್ ಹತ್ತಿರ ಬಂದಾಗ ಗಡಿಯಾರ ತೋರಿಸಿ ಸಂಗೀತ ಹಾಕಿದರೆ, ಟೈಮ್ ಇರಲಿಲ್ಲ ಅನ್ನುವ ನೆಪ ಆಗ ನಡೆಯುವುದಿಲ್ಲ. ನಿಮ್ಮ ಅಭಿಪ್ರಾಯವನ್ನು ಅಕಾಡೆಮಿಯ ಯೂಟ್ಯೂಬ್ ಚಾನೆಲ್‌ನಲ್ಲೇ ಬರೆಯಿರಿ. ಮೋಂಗಾ ಅವರ ಹೆಸರನ್ನೂ ವೆಸ್ಟೆನ್‌ಹೋಫರ್ ಅವರ ಹೆಸರನ್ನೂ ಸೇರಿಸಿ, ವರ್ಷ ಸಮೇತ ಬರೆಯಿರಿ.